ಹೂವಪ್ಪನ ಹೊಲದ ಬದ್ಲಿ ಬೋರ್ಡು

"ಈ ಡಬ್ಬಿಗೆ ನಾವು ಗಂಡ-ಹೆಂಡ್ತಿ ಬಿಟ್ರ ಮೂರನೇದವರು ಕೈ ಹಚ್ಚಿಲ್ರಿ," ಎಂದು ಹೂವಪ್ಪ ಮತ್ತೊಮ್ಮೆ ಹೇಳಿದ.

ಅವನನ್ನು ಯಾರೂ ಕೇಳಿರಲಿಲ್ಲ. ಕೇಳದೆಯೇ ಹೇಳುವವರ ಮಾತಿಗೆ ರಾಜಶ್ರೀ ಯಾವಾಗಲೂ ಸ್ವಲ್ಪ ಹೆಚ್ಚೇ ಕಿವಿ ಕೊಡುತ್ತಿದ್ದಳು. ವಕೀಲರಿಗೆ ಸಾಕ್ಷ್ಯ ಹುಡುಕಿ ಕೊಡುವ ಕಸುಬಿಗೆ ಇಳಿದ ಮೇಲೆ ಬಂದ ಚಾಳಿ ಅದು. ಅದಕ್ಕೂ ಮೊದಲು ಹುಬ್ಬಳ್ಳಿಯ ಕಾರ್ಖಾನೆಯೊಂದರಲ್ಲಿ ಎಲೆಕ್ಟ್ರಾನಿಕ್ ಬೋರ್ಡುಗಳನ್ನು ತಪಾಸಣೆ ಮಾಡುತ್ತಿದ್ದಳು. ಬೋರ್ಡುಗಳಾದರೆ ಕೇಳದೆ ಏನನ್ನೂ ಹೇಳುತ್ತಿರಲಿಲ್ಲ.

ದುಂಡಸಿಯ ಆ ಹೊಲದ ಪಂಪ್ ಶೆಡ್ಡಿನ ಗೋಡೆಗೆ ಬಡಿದಿದ್ದ ತಗಡಿನ ಸ್ಟಾರ್ಟರ್ ಡಬ್ಬಿಯೊಳಗೆ ಅವಳು ಮೊಬೈಲಿನ ಬೆಳಕು ಬಿಟ್ಟಳು. ಡಬ್ಬಿಯ ಹೊರಮೈಗೆ ಅಮಾವಾಸ್ಯೆಗೊಮ್ಮೆ ಬಳಿದ ವಿಭೂತಿ ಒಂದರ ಮೇಲೊಂದು ಕೂತು ಗಟ್ಟಿಯಾಗಿತ್ತು. ಒಳಗೆ ಹಲ್ಲಿ, ಇರುವೆ ಬಾರದಿರಲೆಂದು ಹೂವಪ್ಪನ ಹೆಂಡತಿ ಅಡಿವೆವ್ವ ಇಟ್ಟಿದ್ದ ಡಾಂಬರ ಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ಅದರ ಪಕ್ಕದಲ್ಲಿ ಅಂಗೈಯಗಲದ ಒಂದು ಹಸಿರು ಬೋರ್ಡು.

ಸವಣೂರಿನ ಸುಹಾನಾ ಕಳ್ಳಿಯೋ ಅಲ್ಲವೋ ಎಂಬುದು ಆ ಬೋರ್ಡಿನ ಮೇಲೆ ನಿಂತಿತ್ತು. ಅವಳ ವಕೀಲರೇ ರಾಜಶ್ರೀಯನ್ನು ಇಲ್ಲಿಗೆ ಕಳಿಸಿದ್ದರು. ನಾಳೆ ಮುಂಜಾನೆ ಕೋರ್ಟು ನೇಮಿಸಿದ ಕಮಿಷನರ್ ಇದೇ ಡಬ್ಬಿಯ ಮುಂದೆ ನಿಲ್ಲಲಿದ್ದರು.

"ಅಲ್ರಿ ಅಕ್ಕಾರ, ಬರೋ ಸಾಹೇಬ್ರು ಇದರಾಗ ಏನ್ ನೋಡ್ತಾರ?" ಎಂದು ಬಾಗಿಲಲ್ಲಿ ಕೂತಿದ್ದ ಅಡಿವೆವ್ವ ಕೇಳಿದಳು.

"ನೀವು ರೊಟ್ಟಿ ಬಡಿಯೋ ಮುಂದ ಬಾಜೂಕಿನ ಒಲಿ ಮ್ಯಾಲ ಹಾಲು ಇಟ್ಟಿರ್ತೀರಿ. ಒಂದೊಂದು ರೊಟ್ಟಿ ಪೂರಾ ಮುಗಿಸಿ ಎದ್ದು ಹಾಲು ನೋಡಿದ್ರ ಏನಾಕ್ಕೈತಿ?"

"ಅಷ್ಟೊತ್ತಿಗೆ ಉಕ್ಕಿ ಒಲ್ಯಾಗ ಬಿದ್ದಿರ್ತೈತ್ರಿ."

"ಅದಕ ಯಾರನ್ನರ ಹಾಲಿನ ಮುಂದ ಕುಂದ್ರಿಸ್ತೀರಿ. ಉಕ್ಕಾಕ ಬಂದ ಕೂಡ್ಲೆ ಅವರು ಕೂಗ್ತಾರ. ನೀವು ಅರ್ಧಾ ಬಡಿದ ರೊಟ್ಟಿ ಅಲ್ಲೇ ಬಿಟ್ಟು, ಹಾಲು ಇಳಿಸಿ, ಬಂದು ಅದ ರೊಟ್ಟಿ ಮುಂದುವರಿಸ್ತೀರಿ. ಆ ಕೂಗಿಗೆ ಇಂಟರಪ್ಟ್ ಅಂತಾರ್ರಿ. ಇದರೊಳಗಿನ ಪ್ರೊಸೆಸರಿಗೆ ಕರೆಂಟ್ ಹೋಗೋ ಗಳಿಗಿ ಅಂದ್ರ ಹಾಲು ಉಕ್ಕೋ ಗಳಿಗಿ."

"ಅಂದ್ರ ಹಾಲು ಉಕ್ಕೋದಕ್ಕ ಕೋರ್ಟಿಗೆ ಹೋಗ್ಯಾರೇನ್ರಿ?"

ರಾಜಶ್ರೀಗೆ ನಗು ಬಂತು. ಹೋದವರು ಪುಣೆಯ ಕಂಪನಿಯವರು. ಕರೆಂಟು ಹೋಗುವ ಸುಳಿವು ಸಿಕ್ಕ ಕೂಡಲೇ ಪ್ರೊಸೆಸರ್ ಕೈಯಲ್ಲಿದ್ದ ಕೆಲಸವನ್ನೆಲ್ಲ ಬಿಟ್ಟು, ಉಳಿದ ಒಂದು ಗುಟುಕು ವಿದ್ಯುತ್ತಿನಲ್ಲಿ, ಮೋಟರ್ ಇನ್ನೆಷ್ಟು ಹೊತ್ತು ಓಡಬೇಕೆಂದು ಬರೆದಿಟ್ಟುಕೊಳ್ಳಬೇಕು. ಕರೆಂಟು ಬಂದ ಮೇಲೆ ಅಲ್ಲಿಂದಲೇ ಮುಂದುವರಿಯಬೇಕು. ಈ ಉಪಾಯ ತಮ್ಮದೆಂದು 2019ರಲ್ಲಿ ಅವರು ಪೇಟೆಂಟಿಗೆ ಅರ್ಜಿ ಹಾಕಿದ್ದರು. ಆಗ ಸುಹಾನಾ ಅವರ ಹುಬ್ಬಳ್ಳಿ ಶಾಖೆಯಲ್ಲಿ ನೌಕರಿಗಿದ್ದಳು. ಈಗ ಅವಳ ಅಣ್ಣ ಮುಜಾಫರನ ವರ್ಕ್‌ಶಾಪಿನ ಡಬ್ಬಿಗಳಲ್ಲಿ ಅದೇ ಉಪಾಯವಿದೆ. ಕದ್ದು ಒಯ್ದಳು ಎಂಬುದು ಅವರ ದೂರು.

ಇಲ್ಲ, ನೌಕರಿಗೆ ಸೇರುವ ಮೊದಲೇ, ಡಿಪ್ಲೊಮಾ ಓದುವಾಗಲೇ ಬರೆದಿದ್ದೆ, ದುಂಡಸಿಯ ಹೊಲದಲ್ಲಿ ಆವತ್ತಿನಿಂದ ಎಲ್ಲರ ಕಣ್ಣೆದುರು ಓಡುತ್ತಿದೆ ಎಂದು ಸುಹಾನಾ ಪ್ರಮಾಣ ಮಾಡಿ ಹೇಳಿದ್ದಳು. ಅದು ನಿಜವಾದರೆ ಪೇಟೆಂಟು ಬಿದ್ದುಹೋಗುತ್ತದೆ. ಊರ ಹೊಲದಲ್ಲಿ ಆಗಲೇ ನಡೆಯುತ್ತಿದ್ದದ್ದು ಹೊಸ ಶೋಧನೆ ಹೇಗಾದೀತು?

"ಹೂವಪ್ಪಣ್ಣ, ಮಿಸ್ ಕಾಲ್ ಕೊಡ್ರಿ."

ಹೂವಪ್ಪ ಡಬ್ಬಿಯೊಳಗಿನ ಸಿಮ್ಮಿನ ನಂಬರಿಗೆ ಮಿಸ್ ಕಾಲ್ ಕೊಟ್ಟ. ಮೋಟರ್ ಗುಂಯ್ ಎಂದಿತು. ಡಬ್ಬಿಯ ಪುಟ್ಟ ಪರದೆಯ ಮೇಲೆ ನಲವತ್ತು ನಿಮಿಷ ಮೂಡಿ ಕೆಳಗಿಳಿಯತೊಡಗಿತು. ಮೂವತ್ತೆಂಟಕ್ಕೆ ಬಂದಾಗ ರಾಜಶ್ರೀ ಇನ್ನೊಂದು ಮಿಸ್ ಕಾಲ್ ಕೊಡಿಸಿದಳು. ಎಷ್ಟು ಹೊತ್ತು ಉಳಿದಿದೆ ಎಂಬ ಮೆಸೇಜನ್ನು ಡಬ್ಬಿ ಈಗ ಕಳಿಸಬೇಕು. ಪ್ರೊಸೆಸರಿಗೆ ಅದಕ್ಕಿಂತ ಕೈತುಂಬ ಕೆಲಸ ಬೇರೆ ಇಲ್ಲ. ಅದೇ ಗಳಿಗೆಗೆ ಅವಳು ಮೇನ್ ಸ್ವಿಚ್ ಕೆಳಗೆಳೆದಳು.

ಶೆಡ್ಡು ಗಪ್ಪಾಯಿತು. ಸ್ವಲ್ಪ ತಡೆದು ಸ್ವಿಚ್ ಮೇಲೆತ್ತಿದಳು. ಪರದೆಯ ಮೇಲೆ ಮೂವತ್ತೆಂಟು.

ಕೂಗು ಕೇಳಿಸಿಕೊಂಡಿದೆ. ಬರೆದಿಟ್ಟುಕೊಂಡಿದೆ. ರಾಜಶ್ರೀಗೆ ವಾರದಿಂದ ಎದೆಯ ಮೇಲೆ ಕೂತಿದ್ದ ಭಾರ ಇಳಿದಂತಾಯಿತು. ಇನ್ನು ಫೋಟೋ ತೆಗೆದುಕೊಂಡರೆ ಮುಗಿಯಿತು ಎಂದು ಮೊಬೈಲನ್ನು ಬೋರ್ಡಿನ ಹತ್ತಿರ ಒಯ್ದಳು. ಒಯ್ಯದಿದ್ದರೆ ಚೆನ್ನಾಗಿತ್ತು ಎಂದು ಆಮೇಲೆ ಅವಳಿಗೆ ಎಷ್ಟು ಸಲ ಅನಿಸಿತೋ.

ಪ್ರೊಸೆಸರಿನ ಬೆನ್ನ ಮೇಲೆ, ಹೆಸರಿನ ಕೆಳಗೆ, ಸಣ್ಣ ಅಕ್ಷರದಲ್ಲಿ 2214 ಎಂದಿತ್ತು. ತಯಾರಾದ ವರ್ಷ ಮತ್ತು ವಾರ. ಇಪ್ಪತ್ತೆರಡನೆಯ ಇಸವಿ. ಪೇಟೆಂಟಿನ ಅರ್ಜಿಗಿಂತ ಮೂರು ವರ್ಷ ಆಮೇಲೆ ಹುಟ್ಟಿದ ಪ್ರೊಸೆಸರು.

"ಹೂವಪ್ಪಣ್ಣ," ಎಂದಳು, ದನಿ ಎತ್ತರಿಸದೆ. "ಈ ಬೋರ್ಡು ಬದಲ ಆಗೇತಿ."

"ಹೌದ್ರಿ. ಒಂದ್ ಸಲ ಸಿಡ್ಲು ಬಡದಿತ್ತಲ್ಲ, ಆವಾಗ ಮುಜಾಫರ ಬದ್ಲಿ ಬೋರ್ಡು ಕೊಟ್ಟಾನ. ನಾನ ತಂದು ಕೂಡ್ಸೇನಿ."

"ಡಬ್ಬಿಗೆ ಮೂರನೇದವರು ಕೈ ಹಚ್ಚಿಲ್ಲ ಅಂದ್ರಿ. ಕೋರ್ಟಿಗೂ ಮೊದಲಿನ ಡಬ್ಬಿನ ಐತಿ ಅಂತ ಬರೆದು ಸಹಿ ಮಾಡೀರಿ."

ಹೂವಪ್ಪ ಅವಳನ್ನು ವಿಚಿತ್ರವಾಗಿ ನೋಡಿದ. "ಡಬ್ಬಿ ಅದ ಐತಲ್ರಿ. ಹೊಲ ಹರಗೋ ಕುಂಟಿಗೆ ಕಬ್ಬಿಣದ ಕುಡ ಬದಲ ಮಾಡಿದ್ರ ಕುಂಟಿ ಬ್ಯಾರೆ ಆಕ್ಕೈತೇನ್ರಿ? ನಾ ಏನ್ ಸುಳ್ಳು ಹೇಳೇನಿ?"

ಸುಳ್ಳು ಹೇಳಿರಲಿಲ್ಲ. ಈ ಸೀಮೆಯ ಯಾವ ರೈತನನ್ನು ಕೇಳಿದರೂ ಅಷ್ಟೇ ಹೇಳುತ್ತಿದ್ದ. ಆದರೆ ನಾಳೆ ಕಮಿಷನರ ಜೊತೆ ಕಂಪನಿಯ ವಕೀಲರೂ ಅವರ ಎಂಜಿನಿಯರೂ ಬರುತ್ತಾರೆ. ಅಂಕಿ ಅವರ ಕಣ್ಣಿಗೂ ಬೀಳುತ್ತದೆ. ಆಗ ಸುಹಾನಾ ಕಳ್ಳಿ ಅಷ್ಟೇ ಅಲ್ಲ, ಸುಳ್ಳು ಸಾಕ್ಷ್ಯ ಸೃಷ್ಟಿಸಿದವಳೂ ಆಗುತ್ತಾಳೆ.

ರಾಜಶ್ರೀ ಮತ್ತೆ ಡಬ್ಬಿಯೊಳಗೆ ನೋಡಿದಳು. ತಗಡಿನ ಬೆನ್ನಿಗೆ ಬೋರ್ಡು ಕೂಡಿಸಿದ ನಾಲ್ಕು ತೂತುಗಳ ಆಚೆ, ಬಹಳ ದೂರದೂರಕ್ಕೆ, ಇನ್ನೂ ನಾಲ್ಕು ತೂತು ಖಾಲಿ ಉಳಿದಿದ್ದವು.

*

ಸವಣೂರಿನಲ್ಲಿ ಮುಜಾಫರನ ವರ್ಕ್‌ಶಾಪಿಗೆ ಕಾಲಿಟ್ಟರೆ ಮೋಟರಿನ ವೈಂಡಿಂಗಿಗೆ ಹಚ್ಚುವ ವಾರ್ನಿಶಿನ ವಾಸನೆ. ಅವನು ಮಾತಿಗೆ ಮೊದಲು ಖಾರಾ, ಚಹಾ ತರಿಸಿದ. ಎಷ್ಟೇ ಅವಸರವಿದ್ದರೂ ಅಲ್ಲಿ ಅದು ತಪ್ಪುವುದಿಲ್ಲ. ರಾಜಶ್ರೀ ಖಾರಾ ಮುಟ್ಟಲಿಲ್ಲ. ಅದನ್ನು ನೋಡಿಯೇ ಅವನ ಮುಖ ಸಣ್ಣದಾಯಿತು.

"ಬದ್ಲಿ ಕೊಟ್ಟಿದ್ದು ಖರೇ ಐತ್ರಿ ಅಕ್ಕಾರ," ಎಂದ. "ಸುಟ್ಟ ಬೋರ್ಡು ತಗೊಂಡು ರೈತ ಬರ್ತಾನ. ರಿಪೇರಿ ಆಗೋ ತನಕ ಕುಂದ್ರು ಅಂದ್ರ ಬೆಳಿ ಕಾಯ್ತೈತೇನ್ರಿ? ಅದಕ ರೆಡಿ ಇದ್ದದ್ದು ಒಂದು ಕೊಟ್ಟು ಕಳಸ್ತೇವಿ. ಅವನದು ರಿಪೇರಿ ಆದಮ್ಯಾಲ ಮುಂದಿನ ರೈತಗ ಹೋಗ್ತೈತಿ."

"ಸುಹಾನಾನ ಮೊದಲಿನ ಬೋರ್ಡು ಹಂಗ ಕೊಟ್ರೇನು? ಅದೊಂದ ಸಾಕ್ಷಿ ಇತ್ತಲ್ಲ ಮುಜಾಫರ."

"ಆವಾಗ ಕೇಸ್ ಎಲ್ಲಿತ್ರಿ? ಬೋರ್ಡು ಬೋರ್ಡು ಇದ್ದಂಗ."

"ಅಫಿಡವಿಟ್ ಬರಿಸೋ ಮುಂದರ ಹೇಳಬೇಕಿತ್ತು."

"ಡಬ್ಬಿ ಅಲ್ಲೇ ಐತೇನು ಅಂತ ಕೇಳಿದ್ರಿ. ಐತಿ ಅಂದೆ." ಅವನು ಕೈ ಹಿಸುಕಿಕೊಂಡ. "ಅಕ್ಕಾರ, ಆ ಅಂಕಿ ಅಷ್ಟ ತ್ರಾಸಿದ್ರ ಉಜ್ಜಿ ಬಿಡೂಣ್ರಿ. ಉಸುಕಿನ ಕಾಗದ ಹಾಕಿ ತಿಕ್ಕಿದ್ರ ಅಳಿಸಿ ಹೋಗ್ತೈತಿ."

"ಉಜ್ಜಿದ್ದು ಗೊತ್ತಾದ್ರ ನಿಮ್ಮ ತಂಗಿ ಜೇಲಿಗೆ ಹೋಗ್ತಾಳ. ಇನ್ನೊಮ್ಮೆ ಆ ಮಾತು ಬ್ಯಾಡ."

ಮುಜಾಫರ ತಲೆ ತಗ್ಗಿಸಿದ. ಕೆಟ್ಟವನಲ್ಲ. ತಂಗಿಯನ್ನು ಓದಿಸಲು ತಾನು ಶಾಲೆ ಬಿಟ್ಟವನು. ಅವಳು ಪಾಲಿಟೆಕ್ನಿಕ್ಕಿನಲ್ಲಿ ಪಾಠ ಮಾಡುತ್ತಾಳೆ ಎಂದು ಗಿರಾಕಿಗಳಿಗೆಲ್ಲ ಹೇಳಿಕೊಂಡು ಓಡಾಡುವವನು. ಅವನ ಮೇಲೆ ಸಿಟ್ಟು ಮಾಡಬೇಕೆಂದರೂ ರಾಜಶ್ರೀಗೆ ಆಗಲಿಲ್ಲ.

"ಆ ಹಳೇ ಬೋರ್ಡು ಪೂರಾ ಸುಟ್ಟಿತ್ತೇನು?"

"ಇಲ್ರಿ. ಪವರಿನ ಭಾಗ ಅಷ್ಟ. ಪ್ರೊಸೆಸರ್ ಉಳಿದಿತ್ತು. ನಾನ ರಿಪೇರಿ ಮಾಡೇನಿ."

"ಪ್ರೋಗ್ರಾಮಿಗೆ ಕೈ ಹಚ್ಚಿದ್ರೇನು?"

"ಅದು ನನಗ ಬರಂಗಿಲ್ರಿ. ಅಕಿ ಬರದಿದ್ದು ಹೆಂಗಿತ್ತೋ ಹಂಗ ಐತಿ."

ಅಂದರೆ ಆ ಬೋರ್ಡು ಎಲ್ಲೋ ಬದುಕಿದೆ. ಯಾವುದೋ ಹೊಲದಲ್ಲಿ ನೀರೆತ್ತುತ್ತಿದೆ. "ಯಾರಿಗೆ ಕೊಟ್ರಿ, ನೆನಪು ಮಾಡ್ಕೊಳ್ರಿ."

"ತಡಸಕ್ಕ ಹೋಗಿರಬಹುದು, ಯಲವಿಗಿಗೆ ಹೋಗಿರಬಹುದು. ದಿನಾ ಬರ್ತಾರ, ಒಯ್ತಾರ. ಹೆಂಗ ಹೇಳಲ್ರಿ?"

ರಾಜಶ್ರೀ ಕಣ್ಣು ಮುಚ್ಚಿ ಕೂತಳು. ಡಬ್ಬಿಯ ಬೆನ್ನಿನ ಖಾಲಿ ತೂತುಗಳು ನೆನಪಾದವು. "ಆ ಬೋರ್ಡು ದೊಡ್ಡದಿತ್ತು, ಹೌದಿಲ್ಲೋ?"

"ಹೌದ್ರಿ. ಕಾಲೇಜಿನ್ಯಾಗ ಕೈಲೇ ಮಾಡಿದ್ದು. ಈಗಿನವು ಅಂಗೈಯಷ್ಟ. ಅದು ಊಟದ ತಾಟಿನಷ್ಟಿತ್ತು."

"ಮತ್ತ ಈಗಿನ ಸಣ್ಣ ಡಬ್ಬ್ಯಾಗ ಅದು ಹಿಡಿಸೋದ ಇಲ್ಲ. ದೊಡ್ಡ ಡಬ್ಬಿ ಯಾರಿಗೆ ಮಾಡಿಕೊಟ್ಟೀರಿ?"

ಮುಜಾಫರನ ಕೈಯಲ್ಲಿದ್ದ ಚಹಾ ಕಪ್ಪು ಅಲ್ಲೇ ನಿಂತಿತು. "ಬಸವಣ್ಣೆಪ್ಪನವರಿಗೆ. ಹಿರೇಕೆರೂರ ಕಡೆ. ಎರಡು ಮೋಟರಿಗೆ ಒಂದ ಡಬ್ಬಿ ಬೇಕು ಅಂದಿದ್ರು. ಅಷ್ಟು ದೊಡ್ಡದು ಅದೊಂದ ಮಾಡೇನ್ರಿ."

"ಬೋರ್ಡಿಗೆ ಏನರ ಗುರುತು?"

"ಅಕಿ ಸ್ಕ್ರೂ ಅಲುಗಾಡಬಾರದು ಅಂತ ಉಗುರಿಗೆ ಹಚ್ಚೋ ಕೆಂಪು ಬಣ್ಣ ಹಚ್ಚಿದ್ಲು," ಎಂದ ಮುಜಾಫರ. ಆ ದಿನ ಅವನ ಮುಖದಲ್ಲಿ ಕಂಡ ಮೊದಲ ನಗು ಅದು. "ನಮ್ಮವ್ವ ಬೈದಿದ್ಲು, ಹುಡುಗ್ಯಾರು ಬೆರಳಿಗೆ ಹಚ್ಕೋತಾರ, ಇದು ಮಷೀನಿಗೆ ಹಚ್ಚತೈತಿ ಅಂತ."

*

ಹಿರೇಕೆರೂರಿನ ಹಾದಿಯಲ್ಲಿ ಹಾನಗಲ್ಲು. ಸುಹಾನಾಳ ಪಾಲಿಟೆಕ್ನಿಕ್ಕು ಅಲ್ಲೇ. ಬೋರ್ಡನ್ನು ತನ್ನದೆಂದು ಗುರುತಿಸಲು ಅವಳಿಗಿಂತ ಬೇರೆ ಯಾರು? ರಾಜಶ್ರೀ ಅವಳನ್ನು ಗೇಟಿನಲ್ಲೇ ಕಾರಿಗೆ ಹತ್ತಿಸಿಕೊಂಡಳು.

ಸುಹಾನಾ ತೆಳ್ಳನೆಯ ಹುಡುಗಿ. ಮೂವತ್ತು ತುಂಬಿಲ್ಲ. ಕೇಸು ಶುರುವಾದ ಮೇಲೆ ಇನ್ನೂ ಇಳಿದುಹೋಗಿದ್ದಳು. ಕಾಲೇಜಿನಿಂದ ಅವಳಿಗೆ ನೋಟಿಸು ಬಂದಿತ್ತು. ತೀರ್ಪು ವಿರುದ್ಧ ಬಂದರೆ ನೌಕರಿ ಉಳಿಯುವುದಿಲ್ಲ. ಸ್ಟಾಫ್ ರೂಮಿನಲ್ಲಿ ಅವಳು ಬಂದರೆ ಮಾತು ನಿಲ್ಲುತ್ತಿತ್ತಂತೆ.

ದುಂಡಸಿಯ ಡಬ್ಬಿಯಲ್ಲಿ ಬದ್ಲಿ ಬೋರ್ಡು ಸಿಕ್ಕಿತೆಂದು ರಾಜಶ್ರೀ ಹೇಳಿದಾಗ ಅವಳು ಕಿಟಕಿಯಾಚೆ ನೋಡುತ್ತ ಕೇಳಿದ್ದು ಒಂದೇ ಮಾತು.

"ಹಳೇದು ಎಲ್ಲೈತಿ?"

"ಹಿರೇಕೆರೂರ ಕಡೆ ಇರಬೇಕು. ಅಲ್ಲಿಗೇ ಹೊಂಟೇವಿ."

"ಸಿಗಂಗಿಲ್ಲಕ್ಕಾ. ಇಷ್ಟೊತ್ತಿಗೆ ಸುಟ್ಟು ಹೋಗಿರ್ತೈತಿ."

"ಸಿಕ್ರ ನಿನ್ನ ಹೆಸರು ಉಳೀತೈತಿ, ಮಾರಾಯ್ತಿ. ಬಾಯಾಗ ಒಳ್ಳೇ ಮಾತು ಬರ್ಲಿ."

ಸುಹಾನಾ ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು ಮಾಡತೊಡಗಿದಳು. ರಸ್ತೆಯ ಬದಿಯ ಭತ್ತದ ಗದ್ದೆಗಳು ಮುಗಿದು ಗೋವಿನಜೋಳದ ಹೊಲಗಳು ಶುರುವಾದರೂ ಅದು ನಿಲ್ಲಲಿಲ್ಲ. ಹೆದರಿದೆ ಪಾಪ ಎಂದುಕೊಂಡಳು ರಾಜಶ್ರೀ. ಅವಳಿಗೂ ಹೆದರಿಕೆಯಿತ್ತು. ಸಂಜೆ ತ್ರೀಫೇಸ್ ಕರೆಂಟು ಹೋದರೆ ಮೋಟರಿಲ್ಲ, ಮೋಟರಿಲ್ಲದಿದ್ದರೆ ಪರೀಕ್ಷೆ ಇಲ್ಲ. ಕಾಲು ಆಕ್ಸಿಲರೇಟರ್ ಬಿಟ್ಟು ಏಳಲಿಲ್ಲ.

ಬಸವಣ್ಣೆಪ್ಪ ಹೊಲದಲ್ಲೇ ಸಿಕ್ಕರು. ದೊಡ್ಡ ರುಮಾಲಿನ, ಕಡಿಮೆ ಮಾತಿನ ಮನುಷ್ಯ. "ನೋಡ್ಕೊಳ್ರಿ, ಆದ್ರ ಕೆಡಿಸಬ್ಯಾಡ್ರಿ. ಮುಂದಿನ ಮಡಿಗೆ ಇನ್ನ ನೀರು ಹೋಗಬೇಕು," ಎಂದಷ್ಟೇ ಹೇಳಿ ಡಬ್ಬಿಯ ಬಾಗಿಲು ತೆರೆದರು.

ಒಳಗೆ ಕಂದು ಬಣ್ಣದ ದೊಡ್ಡ ಬೋರ್ಡು. ಸ್ಕ್ರೂಗಳ ತಲೆಯ ಮೇಲೆ ಒಣಗಿ ಕಪ್ಪಿಟ್ಟ ಕೆಂಪು ಬಣ್ಣ. ರಾಜಶ್ರೀ ಪ್ರೊಸೆಸರಿನ ಮೇಲೆ ಬೆಳಕು ಬಿಟ್ಟಳು. 1531. ಹದಿನೈದನೆಯ ಇಸವಿ.

"ನಿಂದ ಹೌದಲ್ಲ?"

"ನಂದ."

ರಾಜಶ್ರೀಗೆ ಆ ಹುಡುಗಿಯನ್ನು ತಬ್ಬಿಕೊಳ್ಳಬೇಕೆನಿಸಿತು. ಹೂವಪ್ಪನಿಂದ ಇನ್ನೊಂದು ಅಫಿಡವಿಟ್, ಮುಜಾಫರನಿಂದ ಒಂದು, ಕಮಿಷನರಿಗೆ ಒಂದು ಅರ್ಜಿ, ದುಂಡಸಿಯ ಬದಲು ಇಲ್ಲಿಗೇ ಬನ್ನಿ ಎಂದು. ತಪ್ಪನ್ನು ತಾವಾಗಿಯೇ ಒಪ್ಪಿಕೊಂಡವರ ಮೇಲೆ ಯಾವ ಕೋರ್ಟೂ ಅಷ್ಟು ಕಠಿಣವಾಗುವುದಿಲ್ಲ.

"ಬಸವಣ್ಣೆಪ್ಪನವರ, ಮಿಸ್ ಕಾಲ್ ಕೊಡ್ರಿ."

"ಫೋಟೋ ಸಾಕಲ್ಲಕ್ಕಾ," ಎಂದಳು ಸುಹಾನಾ ತಟ್ಟನೆ. "ಅಂಕಿ ಐತಿ, ಬೋರ್ಡು ಐತಿ. ಕರೆಂಟ್ ಹೋಗೋದ್ರಾಗ ಹೊಂಡೂಣ್ರಿ."

"ನಾಳೆ ಅವರು ಮಾಡೋದನ್ನ ನಾವು ಇವತ್ತ ಮಾಡಿ ನೋಡೂಣು. ನಿಂಗ ಯಾಕಷ್ಟು ಅಂಜಿಕಿ?"

ಮೋಟರ್ ಶುರುವಾಯಿತು. ಪರದೆಯ ಮೇಲೆ ನಲವತ್ತು. ಮೂವತ್ತೆಂಟಕ್ಕೆ ಬಂದಾಗ ಇನ್ನೊಂದು ಮಿಸ್ ಕಾಲ್. ಡಬ್ಬಿ ಮೆಸೇಜ್ ಕಳಿಸಲು ತೊಡಗಿದ ಗಳಿಗೆಗೆ ಸ್ವಿಚ್ ಕೆಳಗೆ. ತಡೆದು, ಮೇಲೆ.

ನಲವತ್ತು.

ರಾಜಶ್ರೀ ಕಣ್ಣುಜ್ಜಿಕೊಂಡಳು. ಇನ್ನೊಮ್ಮೆ ಮಾಡಿದಳು. ಮತ್ತೆ ನಲವತ್ತು. ಮೆಸೇಜಿನ ಗಲಾಟೆಯಿಲ್ಲದಾಗ ಸುಮ್ಮನೆ ಸ್ವಿಚ್ ಎಳೆದರೆ ಮಾತ್ರ ಲೆಕ್ಕ ನೆನಪಿನಲ್ಲಿ ಉಳಿಯುತ್ತಿತ್ತು. ಕೆಲಸದ ನಡುವೆ ಎಳೆದರೆ ಮರೆತೇಬಿಡುತ್ತಿತ್ತು. ಈ ಬೋರ್ಡು ರೊಟ್ಟಿ ಪೂರಾ ಬಡಿದು ಮುಗಿಸಿಯೇ ಹಾಲಿನ ಕಡೆ ನೋಡುತ್ತಿತ್ತು.

"ರಿಪೇರಿ ಮಾಡೋ ಮುಂದ ನಿಮ್ಮಣ್ಣ ಏನೋ ಕೆಡಿಸ್ಯಾನ," ಎಂದಳು ರಾಜಶ್ರೀ. ತನಗೇ ನಂಬಿಕೆಯಿಲ್ಲದ ಮಾತು.

"ಅಣ್ಣ ಏನೂ ಕೆಡಿಸಿಲ್ರಿ." ಸುಹಾನಾ ಪಂಪ್ ಶೆಡ್ಡಿನ ಕಟ್ಟೆಯ ಮೇಲೆ ಕುಸಿದು ಕೂತಿದ್ದಳು. "ನೂರು ಸಲ ಮಾಡಿದ್ರೂ ಹಿಂಗ ಬರ್ತೈತಿ. ಇದರಾಗ ಇಂಟರಪ್ಟ್ ಇಲ್ಲ. ಆವಾಗ ನನಗ ಅದು ಗೊತ್ತ ಇದ್ದಿಲ್ಲ."

ಬಸವಣ್ಣೆಪ್ಪ ಇಬ್ಬರ ಮುಖವನ್ನೂ ನೋಡಿ, ಮುಂದಿನ ಮಡಿಯ ನೆನಪು ಮಾಡಿಕೊಂಡು ಗುದ್ದಲಿ ಎತ್ತಿ ಹೊರಟುಹೋದರು.

ರಾಜಶ್ರೀಗೆ ಈಗ ಹಿಂದಿನದೆಲ್ಲ ಬೇರೆಯಾಗಿ ಕಾಣತೊಡಗಿತು. ಬದ್ಲಿ ಬೋರ್ಡು ಎಂದಾಗ ಸುಹಾನಾ ಬೆಚ್ಚಿಬಿದ್ದಿರಲಿಲ್ಲ. ಹಳೆಯದು ಸಿಗಬಾರದೆಂದೇ ದಾರಿಯುದ್ದಕ್ಕೂ ಬೇಡಿಕೊಂಡಿದ್ದಳು.

"ದುಂಡಸ್ಯಾಗ ಬದ್ಲಿ ಬೋರ್ಡು ಐತಿ ಅಂತ ನಿನಗ ಗೊತ್ತಿತ್ತು."

"ಗೊತ್ತಿತ್ತು."

"ಗೊತ್ತಿದ್ದೂ ಕೋರ್ಟಿನ್ಯಾಗ ಪ್ರಮಾಣ ಮಾಡಿದಿ."

"ಮಾಡಿದೆ."

"ಅಂದ್ರ ಕದ್ದೀದಿ."

"ಇಲ್ಲ." ಸುಹಾನಾ ಮೊದಲ ಸಲ ತಲೆಯೆತ್ತಿದಳು. ಕಣ್ಣಲ್ಲಿ ನೀರಿರಲಿಲ್ಲ. "ಕದ್ದಿಲ್ಲಕ್ಕಾ. ಅವರ ಪೇಟೆಂಟಿನ್ಯಾಗ ಇರೋದನ್ನ ಬರದಾಕಿನ ನಾನು. ಹುಬ್ಬಳ್ಳಿ ಆಫೀಸಿನ್ಯಾಗ ಕುಂತು, ಈ ಡಬ್ಬಿ ಯಾಕ ಮರೀತೈತಿ ಅಂತ ತಲಿ ಕೆಡಿಸ್ಕೊಂಡು ಬರದೆ. ಅವರು ಅರ್ಜಿ ಹಾಕೋ ಮುಂದ ನನ್ನ ಹೆಸರು ತಗದು ಮ್ಯಾನೇಜರನ ಹೆಸರು ಹಾಕಿದ್ರು. ಪಗಾರ ಕೊಟ್ಟೇವಿ, ಸುಮ್ಮನಿರು ಅಂದ್ರು."

"ಇದನ್ನ ಮೊದಲ ಯಾಕ ಹೇಳ್ಲಿಲ್ಲ?"

"ಹೇಳಿದ್ರ, ನಮ್ಮ ಆಫೀಸಿನ್ಯಾಗ ಬರದದ್ದು ನಮ್ಮದ ಅಂತಾರ. ಅಣ್ಣನ ಅಂಗಡಿ ಮುಚ್ಚಸ್ತಾರ. ನನ್ನದು ಅನ್ನಾಕ ನನ್ನ ಕಡೆ ಏನೈತಿ? ದುಂಡಸಿ ಡಬ್ಬಿ ಅಂದ್ರ ಎಲ್ಲಾರೂ ನಂಬ್ತಾರ ಅನಿಸ್ತು."

ನಂಬಿದ್ದರು. ರಾಜಶ್ರೀಯೇ ಎಲ್ಲರಿಗಿಂತ ಮೊದಲು ನಂಬಿದ್ದಳು. ಅವಳಿಗೆ ಸುಹಾನಾಳ ಕಪಾಳಕ್ಕೆ ಬಾರಿಸಬೇಕೆನಿಸಿತು, ಮರುಗಳಿಗೆಗೆ ಆ ತೆಳ್ಳನೆಯ ಭುಜ ನೋಡಿ ಪಕ್ಕದಲ್ಲೇ ಕೂತಳು. ತಾನೇ ಹೆತ್ತದ್ದನ್ನು ಕದ್ದಳೆಂಬ ಅಪವಾದ ಹೊತ್ತವಳು, ಅದರಿಂದ ಪಾರಾಗಲು ಹೇಳಿದ ಸುಳ್ಳಿನಿಂದ ಈಗ ನಿಜವಾಗಿಯೂ ಅಪರಾಧಿಯಾಗಿದ್ದಳು.

"ನೀನ ಬರದಿದ್ದಿ ಅಂತ ಹೇಳೋರು ಒಬ್ಬರರ ಅದಾರೇನು?"

"ಒಬ್ಬರು ಅದಾರ. ಲೋಹಿತ ಸರ್. ನಾ ಬರೆಯೋ ಮುಂದ ಬಾಜೂಕ ಕುಂತಿರ್ತಿದ್ರು. ಪ್ರತಿ ಸಾಲೂ ನೋಡ್ಯಾರ."

"ಎಲ್ಲದಾರ ಈಗ?"

"ಅಲ್ಲೇ, ಕಂಪನ್ಯಾಗ. ನಾಳಿಗೆ ಅವರ ಕಡೆಯಿಂದ ಬರೋ ಎಂಜಿನಿಯರ್ ಅವರ." ಅವಳ ದನಿ ಇಳಿಯಿತು. "ಕಾಲೇಜಿನ್ಯಾಗ ಮಾಡಿದ ಡಬ್ಬಿ ಎಲ್ಲಾ ಮರೀತೈತಿ ಅಂತ ನಾನ ಅವರ ಮುಂದ ಹೇಳಿ ನಕ್ಕಿದ್ದೆ. ದುಂಡಸಿಯಾಗ ಅದು ನೆನಪಿಟ್ಟದ್ದು ನೋಡಿದ್ರ ಸಾಕು, ಅವರಿಗೆ ತಿಳೀತೈತಿ."

ಅವಳನ್ನು ಉಳಿಸಬಲ್ಲ ಒಬ್ಬನೇ ಮನುಷ್ಯ, ಅವಳ ಸುಳ್ಳನ್ನು ನಿಂತ ಕಾಲಲ್ಲಿ ಹಿಡಿಯಬಲ್ಲವನೂ ಅವನೇ. ಅವನು ಸುಹಾನಾಳ ಕಡೆಯವನೋ, ಪಗಾರ ಕೊಡುವವರ ಕಡೆಯವನೋ? ನಾಳೆ ಮುಂಜಾನೆಯೊಳಗೆ ತಿಳಿಯಬೇಕು.

ರಾಜಶ್ರೀಯ ಮೊಬೈಲು ಬಡಿದುಕೊಂಡಿತು. ದುಂಡಸಿಯ ಹೂವಪ್ಪ.

"ಅಕ್ಕಾರ, ನಾಳಿಗೆ ಬರ್ತಾರ ಅಂದಿದ್ರಲ್ಲ, ಅವರಾಗ ಒಬ್ಬರು ಈಗ ಬಂದು ಕುಂತಾರ್ರಿ. ಒಬ್ಬರ ಅದಾರ. ಹೆಸರು ಲೋಹಿತ ಅಂತ. ಯಾರಿಗೂ ಹೇಳಬ್ಯಾಡ, ಡಬ್ಬಿ ತಗದು ತೋರಸು ಅನ್ನಾಕತ್ತಾರ. ತೋರಸ್ಲೇನ್ರಿ?"